ಲಟ್ಟಣಿಗೆ ಹಿಡಿದರೆ ಬ್ಯೂನಸ್ ಐರಿಸ್

ಮೈಸೂರಿನ ಒಂಟಿಕೊಪ್ಪಲಿನ ಮಂಜುಳಮ್ಮನಿಗೆ ಸ್ಪ್ಯಾನಿಷ್ ಬರುತ್ತದೆ ಎಂದರೆ ಗಂಡ ಕೆಂಪಯ್ಯನೇ ನಂಬುತ್ತಿರಲಿಲ್ಲ. ಹದಿನಾರು ವರ್ಷದಿಂದ ಅವರ ಮಹಡಿಯ ಕೋಣೆಯಲ್ಲಿ ಯೋಗ ಕಲಿಯಲು ಬಂದ ಪರದೇಶದ ಹೆಂಗಸರು ಬಾಡಿಗೆಗೆ ಇದ್ದು ಹೋಗುತ್ತಿದ್ದರು. ಬಾಡಿಗೆ ಕೆಂಪಯ್ಯನ ಜೇಬಿಗೆ. ಅವರ ಊಟ, ಬಟ್ಟೆ, ಜ್ವರ, ಅಳು ಎಲ್ಲ ಮಂಜುಳಮ್ಮನ ಪಾಲಿಗೆ.

ಯೋಗ ಮುಗಿಸಿ ಬಂದವರು ಸೀದಾ ಅಡುಗೆಮನೆಗೇ ಬರುತ್ತಿದ್ದರು. ಮಂಜುಳಮ್ಮ ಯಾರನ್ನೂ ಸುಮ್ಮನೆ ಕೂರಲು ಬಿಟ್ಟವಳಲ್ಲ. ಮೆಕ್ಸಿಕೋದ ಲುಪೆಯ ಜೊತೆ ಕಾಯಿ ತುರಿದಳು. ಬ್ಯೂನಸ್ ಐರಿಸ್‌ನ ಮಾಲೆನಾಳ ಜೊತೆ ಚಪಾತಿ ಲಟ್ಟಿಸಿದಳು. ಮ್ಯಾಡ್ರಿಡ್‌ನ ಪಿಲಾರ್ ಒಂದು ತುದಿ, ತಾನೊಂದು ತುದಿ ಹಿಡಿದು ಬೆಡ್‌ಶೀಟ್ ಹಿಂಡಿದಳು. ಕೆಲಸದ ಜೊತೆಗೇ ಅವರವರ ಮಾತೂ ಅವಳ ನಾಲಿಗೆಗೆ ಹತ್ತಿತು. ಮೂವರದೂ ಸ್ಪ್ಯಾನಿಷ್ಷೇ, ಆದರೆ ನಮ್ಮ ಹುಬ್ಬಳ್ಳಿ, ಮಂಗಳೂರು, ಮೈಸೂರಿನ ಕನ್ನಡದ ಹಾಗೆ ಬೇರೆ ಬೇರೆ. ಬೀಗದ ಕೈಯನ್ನು ಲುಪೆ ‘ಯಾವೆ’ ಅಂದರೆ ಮಾಲೆನಾ ‘ಶಾವೆ’ ಅನ್ನುತ್ತಿದ್ದಳು. ‘ಗ್ರಾಸಿಯಾಸ್’ ಅನ್ನುವಾಗ ಪಿಲಾರಳ ನಾಲಿಗೆ ಹಲ್ಲಿನ ನಡುವೆ ಇಣುಕುತ್ತಿತ್ತು.

ಎರಡು ಬೀದಿ ಆಚೆ ಧ್ವನಿಮುದ್ರಣದ ಕೋಣೆ ನಡೆಸುವ ಬಿಂದುಶ್ರೀಗೆ ಒಂದು ದೊಡ್ಡ ಕೆಲಸ ಬಂತು. ಲಾಡ್ಜುಗಳಲ್ಲಿ ಉಳಿಯುವವರಿಗೆ ಗೀಸರ್ ಆರಿಸಿ, ಫಿಲ್ಟರ್ ನೀರನ್ನೇ ಕುಡಿಯಿರಿ, ಬೀಗದ ಕೈ ಕೊಟ್ಟು ಹೋಗಿ ಎಂದು ಹಲವು ಭಾಷೆಗಳಲ್ಲಿ ಹೇಳಬೇಕು. ಸ್ಪ್ಯಾನಿಷ್ಷೇ ಮೂರು ಬಗೆಯಲ್ಲಿ. ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಓದಿದವರೊಬ್ಬರು ಸಿದ್ಧವಿದ್ದರು. ಆದರೂ ಮಂಜುಳಮ್ಮ ಬಾಡಿಗೆಯವರ ಜೊತೆ ಹರಟುವುದನ್ನು ಕೇಳಿದ್ದ ಬಿಂದುಶ್ರೀ, “ಒಂದ್ಸಲ ನೀವು ನೋಡಿ ಮಂಜುಳಮ್ಮ. ನಾಳೆ ಮಧ್ಯಾಹ್ನ ಮ್ಯಾಡ್ರಿಡ್‌ನಿಂದ ಒಬ್ರು ಫೋನಲ್ಲಿ ಕೇಳ್ತಾರೆ. ಅವರು ಒಪ್ಪಿದ್ರೆ ಕೆಲಸ ನಿಮ್ದೇ” ಅಂದಳು.

ಮಂಜುಳಮ್ಮನಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಒಲೆ ಮುಂದೆ ಕಲಿತದ್ದೂ ವಿದ್ಯೆಯೇ ಎಂದು ಒಬ್ಬರಾದರೂ ಒಪ್ಪಿಕೊಳ್ಳಬೇಕು, ಅಷ್ಟೇ ಅವಳ ಆಸೆ.

ಮಧ್ಯಾಹ್ನ ಹೋದಳು. ಮೆತ್ತನೆ ಕುರ್ಚಿ, ಕಿವಿಗೆ ಹೆಡ್‌ಫೋನು, ಮೂಗಿನ ಮುಂದೆ ಮೈಕು. “ಕೈ ತೊಡೆ ಮೇಲಿಟ್ಕೊಂಡು ಅಲ್ಲಾಡ್ದೆ ಕೂತ್ಕೊಳಿ” ಅಂದಳು ಬಿಂದುಶ್ರೀ. ಕೈ ಕಟ್ಟಿದಂತಾಯಿತು, ನಾಲಿಗೆ ದಾರಿ ತಪ್ಪಿತು. ಗೀಸರ್ ಮ್ಯಾಡ್ರಿಡ್‌ನಲ್ಲಿ ಆರಿತು, ನೀರು ಮೆಕ್ಸಿಕೋದಲ್ಲಿ ಕುಡಿದಾಯಿತು, ಬೀಗದ ಕೈ ಬ್ಯೂನಸ್ ಐರಿಸ್ ಸೇರಿತು. ಮೂರು ಸಲವೂ ಇದೇ ಪಾಡು. ಆ ಕಡೆಯ ಹೆಂಗಸು ನಕ್ಕು, “ಒಂದೇ ಬಾಯಲ್ಲಿ ಮೂವರು ಇದ್ದಾರಲ್ಲ! ಇನ್ನೊಂದೇ ಸಲ ಕೇಳುತ್ತೇನೆ” ಎಂದು ಸ್ಪ್ಯಾನಿಷ್‌ನಲ್ಲಿ ಹೇಳಿದಳು.

ಮಂಜುಳಮ್ಮ ಬೆವರಿದಳು. ಆಗಲೇ ಬಿಂದುಶ್ರೀಯ ಮೊಬೈಲಿಗೆ ಕೆಂಪಯ್ಯನ ಫೋನು. “ಲೇ ಮಂಜುಳಾ, ಸಾಸಿವೆ ಡಬ್ಬ ಎಲ್ಲಿಟ್ಟಿದ್ದೀಯೇ?”

ಇಪ್ಪತ್ತೆಂಟು ವರ್ಷದಿಂದ ಒಂದೇ ಗೂಡಿನಲ್ಲಿರುವ ಡಬ್ಬ! ಬಾಯಿಗೆ ಬಂದ ಬೈಗುಳ ಗಂಟಲಲ್ಲೇ ನಿಂತಿತು, ಯಾಕೆಂದರೆ ತನ್ನ ಅಂಗೈಗಳು ತೊಡೆಯ ಮೇಲೆ ತಾವಾಗಿಯೇ ಚಪಾತಿ ಲಟ್ಟಿಸುತ್ತಿದ್ದುದು ಅವಳ ಕಣ್ಣಿಗೆ ಬಿತ್ತು.

“ರೀ, ಸಾಸಿವೆ ಆಮೇಲೆ. ಲಟ್ಟಣಿಗೆ, ತುರಿಮಣೆ, ಒಂದು ಬೆಡ್‌ಶೀಟು ತಗೊಂಡು ಈಗ್ಲೇ ಬಂದ್ಬುಡಿ!”

“ಅಲ್ಲೂ ಅಡುಗೆ ಮಾಡುಸ್ತಾ ಅವ್ರೇನೇ?”

“ಬನ್ನಿ ಅಂದ್ರೆ ಬನ್ನಿ!”

ಹತ್ತು ನಿಮಿಷಕ್ಕೆ ಕೆಂಪಯ್ಯ ಸ್ಕೂಟರಿನ ಮುಂದೆ ತುರಿಮಣೆ ನಿಲ್ಲಿಸಿಕೊಂಡು, ಹೆಗಲ ಮೇಲೆ ಬೆಡ್‌ಶೀಟ್ ಹೊದ್ದು ಬಂದಿಳಿದ. ಬೀದಿಯ ನಾಯಿಗಳೆಲ್ಲ ಬೊಗಳುತ್ತ ಹಿಂದೆಯೇ ಬಂದವು.

ಮಂಜುಳಮ್ಮ ಕುರ್ಚಿಯನ್ನು ಆಚೆಗೆ ತಳ್ಳಿದಳು. ತುರಿಮಣೆ ಮೇಲೆ ಕೂತು, ಇಲ್ಲದ ಕಾಯಿಯನ್ನು ಸದ್ದಿಲ್ಲದೆ ತುರಿಯುತ್ತ ಬಾಯಿ ತೆರೆದಳು. ಅಪ್ಪಟ ಮೆಕ್ಸಿಕೋ! ಲಟ್ಟಣಿಗೆಯನ್ನು ಗಾಳಿಯಲ್ಲಿ ಉರುಳಿಸಿದಳು. ಮಾಲೆನಾಳೇ ಬಂದು ನಿಂತ ಹಾಗೆ ‘ಶಾವೆ’ ಹೊರಬಿತ್ತು. ಇನ್ನು ಬೆಡ್‌ಶೀಟು.

“ಆ ತುದಿ ಹಿಡ್ಕೊಳಿ. ಹಿಂಡಿ.”

“ಒಣಗದೆ ಕಣೇ ಇದು.”

“ಹಿಂಡ್ರೀ!”

ಕೆಂಪಯ್ಯ ಹುಟ್ಟಿದ ಮೇಲೆ ಮೊದಲ ಸಲ ಬಟ್ಟೆ ಹಿಂಡಿದ. ಯಾವ ಕಡೆ ತಿರುಚಬೇಕೋ ತಿಳಿಯದೆ ತಾನೇ ಒಂದು ಸುತ್ತು ತಿರುಗಿದ. ಮಂಜುಳಮ್ಮ ನಗು ನುಂಗಿಕೊಂಡು, ನಾಲಿಗೆಯನ್ನು ಹಲ್ಲಿನ ನಡುವೆ ಇಣುಕಿಸಿ, ಮ್ಯಾಡ್ರಿಡ್‌ನ ಗತ್ತಿನಲ್ಲಿ ಕೊನೆಯ ಸಾಲು ಮುಗಿಸಿದಳು.

ಫೋನಿನ ಆ ಕಡೆ ಚಪ್ಪಾಳೆ. “ಮೂವರೂ ಒಪ್ಪಿಗೆ! ಇಷ್ಟು ಚೆನ್ನಾಗಿ ಯಾವ ಶಾಲೆಯಲ್ಲಿ ಕಲಿತಿರಿ?”

“ನಮ್ಮನೆ ಅಡುಗೆಮನೇಲಿ” ಎಂದು ಮಂಜುಳಮ್ಮ ಸ್ಪ್ಯಾನಿಷ್‌ನಲ್ಲೇ ಹೇಳಿದಳು. ಕೆಂಪಯ್ಯ ಬೆಡ್‌ಶೀಟಿನ ತುದಿ ಹಿಡಿದೇ ಬಾಯಿ ತೆರೆದು ನಿಂತಿದ್ದ.

ಬಿಂದುಶ್ರೀ ಕುಣಿಯುವುದೊಂದು ಬಾಕಿ. “ಕನ್ನಡದ್ದೂ ನೀವೇ ಓದ್ಬುಡಿ ಮಂಜುಳಮ್ಮ! ಅದಕ್ಕೇನು ತರಿಸ್ಲಿ? ಒರಳುಕಲ್ಲಾ?”

ಮಂಜುಳಮ್ಮ ಮೆತ್ತನೆ ಕುರ್ಚಿಯನ್ನು ಎಳೆದುಕೊಂಡು ಕಾಲು ಚಾಚಿ ಕೂತಳು. “ಕೈಗೇನೂ ಬ್ಯಾಡ ಕಣಮ್ಮ. ಸುಮ್ನೆ ಕೂತೇ ಮಾತಾಡ್ತೀನಿ. ಒಂದ್ಲೋಟ ಕಾಫಿ ಇದ್ರೆ ಸಾಕು. ನಾನು ಮಾಡಿದ್ದಲ್ಲ.”

ಇಬ್ಬರೂ ಕೆಂಪಯ್ಯನ ಕಡೆ ನೋಡಿದರು. ಅವನು ಪಕ್ಕದ ಕೋಣೆಯ ಸ್ಟೌವ್ ಹತ್ತಿರ ಹೋಗಿ, ಅಲ್ಲಿಂದಲೇ ಕೂಗಿದ: “ಲೇ ಮಂಜುಳಾ, ಸಕ್ಕರೆ ಡಬ್ಬ ಎಲ್ಲದೆ?”

ಮಂಜುಳಮ್ಮ ಆಗಲೇ ಹೆಡ್‌ಫೋನು ಹಾಕಿಕೊಂಡಾಗಿತ್ತು. ಕೆಂಪು ದೀಪ ಹತ್ತಿತು. ಕೈಗಳನ್ನು ತೊಡೆಯ ಮೇಲೆ ಹಾಯಾಗಿ ಇಟ್ಟುಕೊಂಡು ಅವಳು ಶುರುಮಾಡಿದಳು: “ನಮಸ್ಕಾರ. ಮೈಸೂರಿಗೆ ಬನ್ನಿ. ಆರಾಮಾಗಿ ಕೂತ್ಕೊಳ್ಳಿ.”