ಕಂಡದ್ದನ್ನಷ್ಟೇ ಸಾರುತ್ತಿದ್ದ ಗಾದಿಲಿಂಗಪ್ಪ

ಮಗಳಿಗೆ ಆರು ತಿಂಗಳು ತುಂಬುವ ಮೊದಲೇ ಬ್ಯಾಂಕಿನವರು ನನ್ನ ಗಂಡನನ್ನು ಮೈಸೂರಿನಿಂದ ಕಂಪ್ಲಿಗೆ ವರ್ಗ ಮಾಡಿದರು. ಕೋಟೆಗೆ ಹೋಗುವ ದಾರಿಯಲ್ಲಿ ಮಾಳಿಗೆ ಮನೆಯೊಂದು ಬಾಡಿಗೆಗೆ ಸಿಕ್ಕಿತು. ನೀರು ಕುದಿಸಿ ಸೋಸಬೇಕು, ಹಿತ್ತಲಲ್ಲಿ ಚೇಳು ಇರಬಹುದು, ಮಗುವಿಗೆ ಜ್ವರ ಬಂದರೆ ಹೊಸಪೇಟೆಗೇ ಓಡಬೇಕು ಎಂದೆಲ್ಲ ನಾನು ಮೊದಲೇ ಕಂಗಾಲಾಗಿದ್ದೆ. ಎದುರಿನ ಅಂಗಡಿಯ ಮುಂದೆ ಎರಡು ದೊಡ್ಡ ತಗಡಿನ ಹಾರ್ನುಗಳು ಬೋರಲು ಬಿದ್ದಿರುವುದನ್ನು ನೋಡಿದಾಗ ಅಳುವೇ ಬಂತು. ಮೈಕ್ ಸೆಟ್ಟಿನ ಅಂಗಡಿ! ನನ್ನ ಮಗಳೋ, ಪಕ್ಕದಲ್ಲಿ ಬಟ್ಟೆ ಮಡಿಸಿದರೂ ಎಚ್ಚರಾಗುವ ಕೂಸು.

ಅಂಗಡಿಯವನು ನನ್ನ ಮುಖ ನೋಡಿಯೇ ಎದ್ದು ಬಂದ. ನಲವತ್ತು ದಾಟಿದ ಆಳು. ಬಳ್ಳಾರಿ ಸೀಮೆಯ ಆ ಉರಿಬಿಸಿಲಿನಲ್ಲೂ ಕೊರಳಿಗೆ ಉಣ್ಣೆಯ ಮಫ್ಲರು ಸುತ್ತಿಕೊಂಡಿದ್ದ. ದನಿ ಕೆಡಬಾರದೆಂದು ಅದನ್ನು ಬಿಚ್ಚುವುದಿಲ್ಲವೆಂದು ಆಮೇಲೆ ತಿಳಿಯಿತು.

"ಹೆದರಬ್ಯಾಡ್ರಿ ಅಮ್ಮಾರ. ಕೂಸು ಮಲಗೋ ಹೊತ್ತು ಯಾವುದಂತ ಹೇಳಿಬಿಡ್ರಿ. ಆ ಹೊತ್ತಿನಾಗ ನಿಮ್ಮ ಮನಿ ದಾಟಿದ ಮ್ಯಾಲನ ಬಾಯಿ ತೆಗಿತೀನಿ."

ಹೇಳಿದಂತೆಯೇ ನಡೆದುಕೊಂಡ. ಜಟಕಾದ ಮೇಲೆ ಹಾರ್ನು ಕಟ್ಟಿಕೊಂಡು ಹೊರಟರೆ ನಮ್ಮ ಬೀದಿ ಕಳೆಯುವವರೆಗೂ ಸುಮ್ಮನೆ ಕುಳಿತಿರುತ್ತಿದ್ದ. ತಿರುವಿನಲ್ಲಿ ಮೈಕಿಗೆ ಬೆರಳಿನಿಂದ ಟಕಟಕ ಬಡಿದು, "ಕೇಳ್ರಪ್ಪೋ ಕೇಳ್ರಿ" ಎಂದು ಶುರು ಮಾಡುತ್ತಿದ್ದ.

ಅವನೇ ಗಾದಿಲಿಂಗಪ್ಪ. ಅವನ ಅಪ್ಪ ಊರಲ್ಲಿ ಹಲಗೆ ಬಡಿದು ಡಂಗುರ ಸಾರುತ್ತಿದ್ದನಂತೆ. ಕಾಲುವೆ ನೀರು ಬಂದು, ಭತ್ತ ಕಬ್ಬು ಬೆಳೆದು, ಊರಲ್ಲಿ ರೈಸ್ ಮಿಲ್ಲುಗಳೂ ಟೆಂಟು ಸಿನಿಮಾಗಳೂ ಎದ್ದ ಮೇಲೆ ಮಗ ಹಲಗೆಯನ್ನು ಅಟ್ಟಕ್ಕೇರಿಸಿ ಮೈಕ್ ಹಿಡಿದ. ಅಪ್ಪನ ಒಂದು ಕಟ್ಟಳೆಯನ್ನು ಮಾತ್ರ ಬಿಡಲಿಲ್ಲ. ಕಣ್ಣಿಂದ ಕಂಡದ್ದನ್ನೇ ಬಾಯಿಂದ ಸಾರಬೇಕು. ಸಿನಿಮಾ ಬಂದರೆ ಮೊದಲು ತಾನು ನೋಡಿ ಬರುತ್ತಿದ್ದ. ಚೆನ್ನಾಗಿಲ್ಲದಿದ್ದರೆ "ಹಾಡು ಮಸ್ತ್ ಅದಾವು, ಕತಿ ನಿಮ್ಮ ಹಣೇಬರ" ಎಂದೇ ಕೂಗುತ್ತಿದ್ದ. ಯಾರಾದರೂ ತೀರಿಕೊಂಡರೆ ಮನೆಗೆ ಹೋಗಿ ಹೆಣ ನೋಡಿ ಕೈಮುಗಿದು ಬಂದ ಮೇಲೆಯೇ ಸುದ್ದಿ ಹೇಳುತ್ತಿದ್ದ. ಬಟ್ಟೆ ಅಂಗಡಿಯ ಕೊಟ್ರಬಸಪ್ಪ, ಬಣ್ಣ ಹೋಗದ ಸೀರೆ ಬಂದಿವೆ, ಊರಿಗೆ ಸಾರು ಎಂದಾಗ ಇವನು ಸೀರೆಯ ಸೆರಗನ್ನು ನೀರಲ್ಲಿ ಅದ್ದಿ ಹಿಂಡಿದ್ದನಂತೆ.

"ಲೇ ಗಾದಿಲಿಂಗ, ನೀ ಕೂಗಾಕ ಬಂದೀಯೋ, ಹೆಣ್ಣು ನೋಡಾಕ ಬಂದೀಯೋ?"

"ಹೆಣ್ಣು ನೋಡಾದ್ರಾಗ ತಪ್ಪಿದ್ರ ಒಬ್ಬಾತ ಅಳ್ತಾನ್ರಿ ಸಾವ್ಕಾರ್ರ. ಇದ್ರಾಗ ತಪ್ಪಿದ್ರ ಊರೇ ಅಳ್ತೈತಿ."

ಸಂತೆಯಲ್ಲಿ ಮಗು ಕಳೆದರೆ ಜನ ಪೊಲೀಸರ ಬಳಿ ಹೋಗುತ್ತಿರಲಿಲ್ಲ, ಇವನ ಜಟಕಾ ಹುಡುಕುತ್ತಿದ್ದರು. ಸಿಕ್ಕ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು "ಯಾರ ಬಂಗಾರಪ್ಪೋ ಇದು" ಎಂದರೆ ತಕ್ಕಡಿ ಹಿಡಿದವರು ತಕ್ಕಡಿ ಹಿಡಿದೇ ತಿರುಗಿ ನೋಡುತ್ತಿದ್ದರು. ನನ್ನ ಮಗಳು ನಡೆಯಲು ಕಲಿತ ಮೇಲೆ ನನಗೆ ಆ ಊರಲ್ಲಿದ್ದ ಒಂದೇ ಧೈರ್ಯ ಅದು.

ಮಗುವಿಗೆ ಎಣ್ಣೆ ಹಚ್ಚಿ ಎರೆಯಲು ಹಂಪಕ್ಕ ಎನ್ನುವವಳು ಬರುತ್ತಿದ್ದಳು. ಮರಿಯಮ್ಮನಹಳ್ಳಿ ಕಡೆಯವಳು. ಸಸಿ ನಾಟಿಯ ಕೂಲಿಗೆಂದು ಗಂಡನ ಜೊತೆ ಬಂದು ಇಲ್ಲೇ ನಿಂತವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಕಾಲುವೆಯ ಏರಿಯ ಮೇಲೆ ಅಂಥವರದೇ ಒಂದು ಸಾಲು ಗುಡಿಸಲು. ಹಂಪಕ್ಕನ ಗುಡಿಸಲಿಗೆ ಗಂಡ ಕೂಡಿಸಿದ್ದ ಬೇವಿನ ಮರದ ಬಾಗಿಲಿತ್ತು, ಅದಕ್ಕೊಂದು ಬೀಗ. ಕೀಲಿಕೈ ಅವಳ ಸೊಂಟದ ದಾರದಲ್ಲಿ ಸದಾ ತೂಗುತ್ತಿತ್ತು. ತಟ್ಟಿಯ ಗೋಡೆಗೆ ಮರದ ಬಾಗಿಲೇ ಎಂದು ನಾನು ನಕ್ಕಿದ್ದೆ.

"ಬಾಗಿಲಿದ್ರ ಮನಿ ಯವ್ವಾ. ಇಲ್ಲಂದ್ರ ಬಯಲು," ಎಂದು ಮಗಳನ್ನು ಕಾಲ ಮೇಲೆ ಮಗುಚಿ ಬೆನ್ನಿಗೆ ನೀರು ಹೊಯ್ದಳು.

ಎಪ್ಪತ್ತೈದರಲ್ಲಿ ತುರ್ತು ಪರಿಸ್ಥಿತಿ ಬಂತು. ನಮ್ಮ ಬೀದಿಗೆ ಅದು ಮುಟ್ಟಿದ್ದು ಗಾದಿಲಿಂಗಪ್ಪನ ಜಟಕಾದ ಹಿಂದೆ ಕಾನ್‌ಸ್ಟೇಬಲ್ ಒಬ್ಬ ಕೂರತೊಡಗಿದಾಗ. ಸಿನಿಮಾ ಇರಲಿ, ಸಾವಿರಲಿ, ಕೂಗುವ ಮಾತನ್ನು ಮೊದಲು ಬರೆದುಕೊಟ್ಟು ಒಪ್ಪಿಗೆ ಪಡೆಯಬೇಕು, ಒಪ್ಪಿದ್ದನ್ನು ಬಿಟ್ಟು ಒಂದಕ್ಷರ ಆಡಕೂಡದು ಎಂದಾಯಿತು. "ಕತಿ ನಿಮ್ಮ ಹಣೇಬರ" ನಿಂತುಹೋಯಿತು. ನನ್ನ ಗಂಡ ಮನೆಯೊಳಗೂ ದನಿ ತಗ್ಗಿಸಿ ಮಾತಾಡತೊಡಗಿದರು. "ನಾವು ವರ್ಗದ ಜನ. ಊರ ಉಸಾಬರಿ ನಮಗ್ಯಾಕೆ?" ಅವರು ಹೇಳುವುದು ಸರಿಯೆಂದೇ ನನಗನ್ನಿಸುತ್ತಿತ್ತು. ಮಗು ಇರುವವರಿಗೆ ಹಾಗೆ ಅನ್ನಿಸುವುದೇ ಹೆಚ್ಚು.

ಮರುವರ್ಷ ಬೇಸಿಗೆಯಲ್ಲಿ ಒಂದು ಮುಂಜಾನೆ ಗಾದಿಲಿಂಗಪ್ಪನನ್ನು ಸರ್ಕಾರಿ ಆಫೀಸಿಗೆ ಕರೆಸಿದರು. ಏರಿಯ ಗುಡಿಸಲಿನವರಿಗೆ ಸರ್ಕಾರ ಸೈಟು ಹಂಚುತ್ತದೆ, ಮನೆಮಂದಿಯೆಲ್ಲ ಸಂತೆ ಮೈದಾನಕ್ಕೆ ಬರಬೇಕು, ಯಾರೂ ಹಿಂದೆ ಉಳಿಯಬಾರದು ಎಂದು ಸಾರಬೇಕಿತ್ತು. ಅಲ್ಲಿ ನಡೆದದ್ದನ್ನು ಎಷ್ಟೋ ದಿನಗಳ ಮೇಲೆ ಅವನೇ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದ.

"ಸೈಟು ಎಲ್ಲೈತ್ರಿ ಸಾಹೇಬ್ರ, ಒಂದು ಸಲ ನೋಡಿ ಬಂದು ಕೂಗ್ತೀನಿ ಅಂದೆ. ಸರ್ಕಾರನ ತಪಾಸಣಿ ಮಾಡಾಕ ನೀ ಯಾರಲೇ ಅಂದ್ರು. ಹಾಳಿಯೊಳಗ ಇದ್ದಷ್ಟು ಓದು, ಇಲ್ಲಂದ್ರ ಸೆಟ್ಟು ಇಲ್ಲೇ ಇಳಿಸಿ ನಡಿ ಅಂದ್ರು. ಇಳಿಸಿ ಬರಬೇಕಿತ್ತು ಅಮ್ಮಾರ. ಓದಿದೆ."

ಅವನು ಓದಿದ್ದು ನನಗೂ ಕೇಳಿಸಿತ್ತು. ಪಾಠ ಒಪ್ಪಿಸುವ ಹುಡುಗನ ಹಾಗೆ, ಏರಿಳಿತವಿಲ್ಲದೆ. ಆದರೆ ಏರಿಯವರು ಹಾಳೆ ನೋಡಲಿಲ್ಲ, ದನಿಯ ಗುರುತು ಹಿಡಿದರು. ನಮ್ಮ ಗಾದಿಲಿಂಗ ಹೇಳುತ್ತಾನೆಂದರೆ ನೋಡಿಯೇ ಬಂದಿರುತ್ತಾನೆ. ಒಗೆದ ಸೀರೆ ಉಟ್ಟು, ಮಕ್ಕಳ ತಲೆಗೆ ಎಣ್ಣೆ ಹಚ್ಚಿ, ಬಾಗಿಲಿದ್ದವರು ಬಾಗಿಲು ಹಾಕಿಕೊಂಡು ಮೈದಾನಕ್ಕೆ ಹೋದರು. ಬಿಸಿಲು ನೆತ್ತಿಗೇರುವವರೆಗೂ ಕೂತರು. ಯಾರೂ ಬರಲಿಲ್ಲ. ತಿರುಗಿ ಹೋದಾಗ ಏರಿಯ ಮೇಲೆ ಬುಲ್ಡೋಜರ್ ನಿಂತಿತ್ತು, ಗುಡಿಸಲುಗಳಿರಲಿಲ್ಲ.

ಮಾರನೆಯ ದಿನವೂ ಹಂಪಕ್ಕ ಎಂದಿನಂತೆ ಮಗುವಿಗೆ ಎರೆಯಲು ಬಂದಳು. ಎಣ್ಣೆ ಹಚ್ಚಿ ಎರೆದಳು. ಕೊನೆಗೆ ಸೊಂಟ ಮುಟ್ಟಿಕೊಂಡು, "ಕೀಲಿಕೈ ಐತಿ ಯವ್ವಾ. ಬಾಗಿಲ ಎಲ್ಲಿ ಹೋತೋ ಕಾಣವಲ್ದು," ಎಂದಳು.

ಸೈಟು ಎಲ್ಲಿ ಎಂದು ಕೇಳಲು ಹೋದ ಗಾದಿಲಿಂಗಪ್ಪನನ್ನು ಇಡೀ ಹಗಲು ಠಾಣೆಯ ಅಂಗಳದಲ್ಲಿ ನಿಲ್ಲಿಸಿ ಕಳಿಸಿದರು. ಏರಿಯವರು ಕೋಟೆಯ ಕೆಳಗೆ, ಹೊಳೆಯ ಮರಳಿನ ದಂಡೆಗೆ ಇಳಿದು ಚಾಪೆ ಚೀಲ ಕಟ್ಟಿಕೊಂಡು ಮತ್ತೆ ಗುಡಿಸಲು ಎಬ್ಬಿಸಿದರು. ಅಲ್ಲಿಂದೀಚೆಗೆ ಅವನ ಜಟಕಾ ಹೋದಲ್ಲೆಲ್ಲ ಯಾರಾದರೂ ಒಬ್ಬರು ಕೂಗುತ್ತಿದ್ದರು: "ಏನಲೇ ಗಾದಿಲಿಂಗಾ, ಪಿಚ್ಚರ್ ನೋಡಿ ಬರೋತನಕ ಮನಿ ಇರ್ತೈತಿಲ್ಲೋ?" ಉಳಿದವರು ನಗುತ್ತಿದ್ದರು. ಅವನು ಮಫ್ಲರು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದ. ಊರು ಮತ್ತೆ ತನ್ನ ಮಾತು ನಂಬುವ ದಿನ ಬರುತ್ತದೆಂದು ಅವನಿಗೆ ಆಗ ಇನ್ನೂ ಆಸೆಯಿತ್ತೆಂದು ಕಾಣುತ್ತದೆ.

ಆಗಸ್ಟಿನಲ್ಲಿ ಹಂಪಕ್ಕನಿಗೆ ಜ್ವರ ಬಂತು. ಬೆಳಿಗ್ಗೆ ಬರಲಿಲ್ಲವೆಂದು ಮಧ್ಯಾಹ್ನ ನಾನೇ ಮಾತ್ರೆ ತೆಗೆದುಕೊಂಡು, ಮಗಳನ್ನು ಸೊಂಟಕ್ಕೆ ಹಾಕಿಕೊಂಡು ದಂಡೆಗೆ ಇಳಿದೆ. ಜ್ವರ ಮಗುವಿಗೆ ಅಂಟೀತೆಂದು ದೂರವೇ ನಿಂತಿದ್ದೆ. ಚುರುಕು ಬಿಸಿಲು. ಕಂಪ್ಲಿಯಲ್ಲಿ ಒಂದು ಹನಿ ಮಳೆಯಿಲ್ಲ. ಬಂಡೆಗಳ ನಡುವೆ ಹೊಳೆ ತೆಳ್ಳಗೆ ಹರಿಯುತ್ತಿತ್ತು, ಹೆಂಗಸರು ಬಟ್ಟೆ ಒಗೆಯುತ್ತಿದ್ದರು.

ಆಗ ಜಟಕಾ ಬಂತು. ಹಿಂದೆ ಕಾನ್‌ಸ್ಟೇಬಲ್. ಗಾದಿಲಿಂಗಪ್ಪ ಮೈಕಿನಲ್ಲಿ ಓದಿದ. ಮೇಲಿನ ಸೀಮೆಯಲ್ಲಿ ಭಾರಿ ಮಳೆ. ಡ್ಯಾಮು ತುಂಬಿದೆ. ಗೇಟು ತೆಗೆಯುತ್ತಾರೆ. ದಂಡೆಯವರೆಲ್ಲ ಈಗಿಂದೀಗಲೇ ಗುಡಿಸಲು ಬಿಟ್ಟು ಮೇಲೆ ಹೋಗಬೇಕು, ಯಾರೂ ಹಿಂದೆ ಉಳಿಯಬಾರದು.

ಒಬ್ಬರೂ ಕದಲಲಿಲ್ಲ. ಕಂಬಳಿ ಹೊದ್ದುಕೊಂಡೇ ಹಂಪಕ್ಕ ಹೊರಗೆ ಬಂದಳು.

"ಯಾರೂ ಉಳಿಬಾರ್ದು ಅಂತ ಆವತ್ತೂ ಅಂದಿದ್ದಿ. ಈಗ ಬುಲ್ಡೋಜರ್ ಎಲ್ಲಿ ನಿಂತೈತಿ, ಅದನ್ನ ಮೊದ್ಲು ಹೇಳು."

"ಇದು ಖರೇ ಐತಿ ಹಂಪಕ್ಕ."

"ನೀರು ನೋಡಿ ಬಂದೀಯೇನು?"

ಅವನು ಹೊಳೆಯ ಕಡೆ ನೋಡಿದ. ನಾವೆಲ್ಲ ನೋಡಿದೆವು. ಮೊಣಕಾಲು ಮುಳುಗದ ನೀರು. "ಹೂಂ ಅನ್ನಲೇ," ಎಂದ ಕಾನ್‌ಸ್ಟೇಬಲ್. ಗಾದಿಲಿಂಗಪ್ಪ ಮೈಕಿಗೆ ಅಂಗೈ ಅಡ್ಡ ಹಿಡಿದ.

"ನೋಡಿಲ್ಲಕ್ಕ. ಡ್ಯಾಮಿಂದ ಫೋನು ಬಂದೈತಂತ."

"ಅಂತ!" ಎಂದು ಒಗೆಯುವ ಕಲ್ಲಿನ ಬಳಿಯಿಂದ ಯಾರೋ ನಕ್ಕರು. "ಸೈಟೂ ಐತಂತ, ನೀರೂ ಬರ್ತೈತಂತ!"

ಅವನು ಮೈಕನ್ನು ಸೀಟಿನ ಮೇಲೆ ಇಟ್ಟು ಕೆಳಗಿಳಿದ. ಗುಡಿಸಲಿಂದ ಗುಡಿಸಲಿಗೆ ಹೋಗಿ ಕೈ ಹಿಡಿದು ಬೇಡಿದ. ಹಂಪಕ್ಕನ ಕಾಲಿಗೂ ಬಿದ್ದ. "ಒಂದು ಸಲ ಸುಳ್ಳು ಓದೀನಿ ತಾಯಿ. ಆ ಸಲದ್ದು ಈ ಸಲಕ್ಕ ಲೆಕ್ಕಕ್ಕ ಹಿಡಿಬ್ಯಾಡ."

ಕೊನೆಗೆ ಅವರವರೇ ಮಾತಾಡಿಕೊಂಡು ಒಂದು ಉಪಾಯ ಮಾಡಿದರು. ಮಕ್ಕಳು ಮುದುಕರು ಮೇಲಿನ ಗುಡಿಗೆ ಹೋಗುವುದು, ಒಂದೊಂದು ಗುಡಿಸಲಿಗೆ ಒಬ್ಬೊಬ್ಬರು ಕಾವಲಿರುವುದು. ಮನೆಯಲ್ಲಿ ಆಳಿದ್ದರೆ ಯಾರು ಕೆಡವುತ್ತಾರೆ? ಹಂಪಕ್ಕನ ಗುಡಿಸಲಿಗೆ ಹಂಪಕ್ಕನೊಬ್ಬಳೇ ಇದ್ದವಳು.

ನಮ್ಮ ಮನೆಗೆ ಬಂದು ಮಲಗು ಎಂದು ನಾನು ಎಷ್ಟೋ ಹೇಳಿದೆ.

"ನೀವು ಕಂಡು ಹೇಳಿದ್ರ ಬರ್ತಿದ್ದೆ ಯವ್ವಾ. ನೀವೂ ಆತನ ಬಾಯಿಂದ ಕೇಳಿದ್ದ ಹೇಳಾಕತ್ತೀರಿ."

ಮಾತ್ರೆಯನ್ನು ದೂರದಿಂದಲೇ ಕೊಟ್ಟು, ಮಗಳ ತಲೆಗೆ ಸೆರಗು ಮುಚ್ಚಿ ಮನೆಗೆ ಬಂದೆ.

ಬೆಳಗಾಗಿ ಮಾಳಿಗೆ ಹತ್ತಿ ನೋಡಿದರೆ ಬಂಡೆಗಳಿರಲಿಲ್ಲ, ಮರಳಿರಲಿಲ್ಲ. ಕೋಟೆಯ ಗೋಡೆಗೆ ತಗುಲಿ ಕೆಂಪು ನೀರು ಹರಿಯುತ್ತಿತ್ತು. ಕಾವಲಿದ್ದವರು ಮರ ಹತ್ತಿ, ಎತ್ತರದ ಬಂಡೆ ಹಿಡಿದು ಉಳಿದುಕೊಂಡಿದ್ದರು. ಹರಗೋಲಿನವರು ಪ್ರಾಣದ ಹಂಗು ತೊರೆದು ಒಬ್ಬೊಬ್ಬರನ್ನೇ ಕರೆತಂದರು. ಜ್ವರದಲ್ಲಿದ್ದ ಹಂಪಕ್ಕ ಅವರಲ್ಲಿ ಇರಲಿಲ್ಲ. ನೀರು ಇಳಿದ ಮೇಲೆ ಕೆಳಗಿನ ಕಬ್ಬಿನ ಗದ್ದೆಯಲ್ಲಿ ಸಿಕ್ಕಳು. ಗುರುತು ಹಿಡಿಯಲು ಗಾದಿಲಿಂಗಪ್ಪ ಹೋದ. ಮುಖ ತಿಳಿಯುವಂತಿರಲಿಲ್ಲವಂತೆ. ಸೊಂಟದಲ್ಲಿ ಕೀಲಿಕೈ ಇತ್ತು.

ಅಲ್ಲಿಂದ ಅವನು ನೇರ ಆಫೀಸಿಗೆ ಹೋದ. ಅವಳಿಗೆ ಹಿಂದು ಮುಂದು ಯಾರೂ ಇಲ್ಲ, ಸಾವಿನ ಸುದ್ದಿ ಸಾರಿದರೆ ಮಣ್ಣಿಗೆ ನಾಲ್ಕು ಜನ ಬರುತ್ತಾರೆ, ಒಪ್ಪಿಗೆ ಕೊಡಿ ಎಂದ. ಹೊಳೆಯಲ್ಲಿ ಯಾರೂ ಸತ್ತಿಲ್ಲ, ಎಲ್ಲರನ್ನೂ ಮುಂಚಿತವಾಗಿ ತೆರವು ಮಾಡಿಸಲಾಗಿದೆ ಎಂದರು.

"ನಾ ಕಂಡು ಬಂದೀನ್ರಿ ಸಾಹೇಬ್ರ," ಎಂದನಂತೆ.

"ಏನ್ ಕಂಡೀ? ಹೊಳ್ಯಾಗ ಸತ್ತಿದ್ದು ಕಂಡೀಯೇನು? ಜ್ವರದಾಗ ಸತ್ತಿರಬಹುದು. ನಡಿ."

ಆ ಮಧ್ಯಾಹ್ನ ಅವನು ಅಂಗಡಿಯ ಮುಂದೆ ಜಟಕಾಕ್ಕೆ ಹಾರ್ನು ಕಟ್ಟಿದ. ಬ್ಯಾಟರಿ ಜೋಡಿಸಿದ. ಮೈಕಿಗೆ ಟಕಟಕ ಬಡಿದದ್ದು ನನಗೆ ಕೇಳಿಸಿತು. ಒಪ್ಪಿಗೆಯಿಲ್ಲದೆಯೇ ಕೂಗುತ್ತಾನೆ ಎಂದುಕೊಂಡು ಕಿಟಕಿ ಹಿಡಿದು ನಿಂತೆ. ಕೂಗಲಿ ಎಂದೂ ಅನ್ನಿಸಿತು, ಬೇಡವೆಂದೂ ಅನ್ನಿಸಿತು. ನನ್ನ ಗಂಡ ಬಂದು ಕಿಟಕಿ ಮುಚ್ಚಿದರು. ಸಂದಿಯಿಂದ ನೋಡಿದೆ. ಅವನು ಮೈಕನ್ನು ಬಾಯಿಗೆ ಹಿಡಿದು ಬಹಳ ಹೊತ್ತು ಹಾಗೆಯೇ ಕುಳಿತಿದ್ದ. ಬೀದಿಯಲ್ಲಿ ಹೋಗುವವರು ಒಮ್ಮೆ ಅವನತ್ತ ನೋಡಿ ತಮ್ಮ ಪಾಡಿಗೆ ಹೋದರು, ಯಾರೂ ಕೇಳಲು ನಿಲ್ಲಲಿಲ್ಲ. ಆಮೇಲೆ ಅವನು ಇಳಿದು ವೈರು ಬಿಚ್ಚಿದ. ಮಣ್ಣಿಗೆ ಹೋದವರು ಅವನು, ಜಟಕಾ ಹೊಡೆಯುವವನು, ಹರಗೋಲಿನ ಇಬ್ಬರು.

ಮುಂದಿನ ವರ್ಷ ಚುನಾವಣೆ ಬಂತು. ಖಾದಿ ತೊಟ್ಟ ಹುಡುಗರು ಅಂಗಡಿಗೆ ನುಗ್ಗಿದರು.

"ಇನ್ನ ಯಾರಿಗೂ ಹೆದರಾಂಗಿಲ್ಲ ಗಾದಿಲಿಂಗಣ್ಣ! ಬಾಯಿ ಬಿಚ್ಚಿ ಕೂಗು ಬಾ!"

"ಸೆಟ್ಟು ಒಯ್ರಿ. ದನಿ ನಿಮ್ಮದ ಹಾಕ್ಕೊಳ್ರಿ."

"ಯಾಕಣ್ಣ? ಕಾಲ ಬದಲಾತಲ್ಲ!"

"ಕಾಲ ಬದಲಾಗೇತಿ ಅಂತ ನಾ ಕೂಗಿದ್ರ, ಊರ ಮಂದಿ ಬಾಗಿಲ ಹಾಕ್ಕೊಂತಾರಪ್ಪ."

ಹುಡುಗರು ನಕ್ಕು ಸೆಟ್ಟು ಹೊತ್ತುಕೊಂಡು ಹೋದರು. ದೆಹಲಿಯಲ್ಲಿ ಸರ್ಕಾರ ಬದಲಾಯಿತು. ಕಾನ್‌ಸ್ಟೇಬಲ್ ಜಟಕಾ ಬಿಟ್ಟಿಳಿದ. ಗುಡಿಸಲಿನವರಿಗೆ ಸೈಟು ಮಾತ್ರ ಈ ಸರ್ಕಾರದಲ್ಲೂ ಬರಲಿಲ್ಲ. ನೀರು ಇಳಿದ ದಂಡೆಯಲ್ಲೇ ಮತ್ತೆ ಗುಡಿಸಲು ಹಾಕಿಕೊಂಡಿದ್ದಾರೆ. ಗಾದಿಲಿಂಗಪ್ಪ ಈಗ ಸೆಟ್ಟನ್ನು ಬಾಡಿಗೆಗೆ ಕೊಡುತ್ತಾನೆ ಅಷ್ಟೆ. ಈ ಚಳಿಗಾಲದಲ್ಲಿ ಎಲ್ಲರೂ ಕಿವಿಗೆ ಬಟ್ಟೆ ಕಟ್ಟಿಕೊಂಡಾಗ ಅವನ ಕೊರಳಲ್ಲಿ ಮಫ್ಲರು ಇರಲಿಲ್ಲ.

ಸಂತೆಯಲ್ಲಿ ಮಗು ಸಿಕ್ಕರೆ ಜನ ಈಗಲೂ ರೂಢಿಯಂತೆ ಅವನ ಬಳಿ ತಂದು ಬಿಡುತ್ತಾರೆ. ಅವನು ಕೂಗುವುದಿಲ್ಲ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ಬಾಯಿ ಬಿಡದೆ, ಓಣಿ ಓಣಿ ತಿರುಗುತ್ತಾನೆ. ಎಷ್ಟೋ ಸಲ ತಾಯಿ ಆ ಓಣಿಯಲ್ಲಿರುತ್ತಾಳೆ, ಇವನು ಈ ಓಣಿಯಲ್ಲಿರುತ್ತಾನೆ. ಮಗು ಹೆಗಲ ಮೇಲೆ ಅಳುತ್ತಲೇ ಇರುತ್ತದೆ.

ನನ್ನ ಮಗಳು ಈಗ ಚೆನ್ನಾಗಿ ಮಾತಾಡುತ್ತಾಳೆ. ಅಪ್ಪನ ಹೆಸರು, ಬೀದಿಯ ಹೆಸರು ಬಾಯಿಪಾಠ ಮಾಡಿಸಿದ್ದೇನೆ. ಮೊನ್ನೆ ದೂರದಲ್ಲಿ ಯಾವುದೋ ಮೈಕು ಕೂಗುತ್ತಿದ್ದಾಗ, "ಅಮ್ಮ, ಅವರು ಬಾ ಅಂತಿದಾರೆ. ಹೋಗ್ಬೇಕಾ?" ಎಂದು ಕೇಳಿದಳು. ಎತ್ತಿ ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಏನು ಸಾರುತ್ತಿದ್ದಾರೆಂದು ಕೇಳಿಸಿಕೊಳ್ಳಲೂ ಇಲ್ಲ.