ಗಲ್ಲದ ಮಟ್ಟದ ಸ್ಕೀ

ಮನಾಲಿಯ ಬಾಡಿಗೆ ಅಂಗಡಿಯವನು ನನ್ನ ನರೆಗೂದಲು ನೋಡಿ, ಎದೆಮಟ್ಟದ ಗಿಡ್ಡ ಸ್ಕೀ ಜೋಡಿಯನ್ನು ಕೈಗಿತ್ತ. ನಾನು ಹಿಮದಲ್ಲಿ ಜಾರಲು ಬಂದದ್ದು ಇದು ಮೂರನೇ ಸಲ. ತಿರುಗುವುದೂ ನಿಲ್ಲುವುದೂ ಗೊತ್ತಿತ್ತು. ಹೊಸಬರ ಆ ಜೋಡಿ ವೇಗ ಹೆಚ್ಚಿದರೆ ಗಡಗಡ ನಡುಗುತ್ತದೆ.

“ಗಲ್ಲದ ಮಟ್ಟದ್ದು ಕೊಡಿ,” ಎಂದು ಹರುಕುಮುರುಕು ಹಿಂದಿಯಲ್ಲಿ ಹೇಳಿ ಅದನ್ನು ವಾಪಸಿಟ್ಟೆ.

“ಕೊಟ್ಟಿದ್ದು ಹಾಕ್ಕಳೇ ಮಾರಾಯ್ತಿ. ಕಾಲು ಮುರ್ಕಂಡ್ರೆ ಪಾಳ್ಯದ ಮನೆಗೆ ಹೊತ್ಕಂಡು ಹೋಗೋರ್ಯಾರು?” ಎಂದರು ನಮ್ಮ ಯಜಮಾನರು.

ನನಗೆ ರೇಗಿತು. “ತೋಟದಲ್ಲೂ ಮೆಣಸು ಕುಯ್ಯೋಕೆ ನಂಗೆ ಗಿಡ್ಡ ಏಣಿನೇ ತಂದಿಡ್ತೀರಿ. ಮೇಲಿನ ಗೊಂಚಲು ಒಂದಿನಾನೂ ಕೈಗೆ ಸಿಕ್ಕಿಲ್ಲ ಕಣ್ರೀ!”

ಉದ್ದದ ಜೋಡಿ ಬಂತು. ಹಾಕಿಕೊಂಡು ಹೋದವಳು ಮೊದಲ ತಿರುವಿನಲ್ಲೇ ಬಿದ್ದೆ. ಇವರು ಗಾಬರಿಯಿಂದ ಓಡಿಬಂದು, ಈಗಲಾದರೂ ಬದಲಾಯಿಸು ಎಂದರು. ನಾನು ಹಿಮ ಕೊಡವಿಕೊಂಡು ಮತ್ತೆ ಮೇಲೆ ಹತ್ತಿದೆ. ಸಂಜೆಯ ಹೊತ್ತಿಗೆ ಇಳಿಜಾರಿನ ತುದಿಯಿಂದ ಬುಡದವರೆಗೆ ಬೀಳದೆ ಇಳಿದು, ಇವರ ಎದುರಿಗೇ ಬಂದು ನಿಂತೆ.

ಈ ಸಲದ ಮೆಣಸಿನ ಕೊಯ್ಲಿಗೆ ಇವರು ಎಂದಿನಂತೆ ಏಣಿ ಒರಗಿಸಿ ಹೋಗಲಿಲ್ಲ. ಗಿಡ್ಡದು, ಉದ್ದದ್ದು ಎರಡು ಏಣಿಯನ್ನೂ ಮರದ ಬುಡಕ್ಕೆ ತಂದು ನಿಲ್ಲಿಸಿ, “ಯಾವ್ದು ಬೇಕು?” ಎಂದು ಕೇಳಿದರು.