ಸೊಟ್ಟ ಜಡೆ
ಡ್ರಿಲ್ ಮೇಷ್ಟ್ರು ಏಕಾಂತಯ್ಯನವರು ಸೀಟಿ ಊದಿದರೆ, ಆಗಷ್ಟೇ ಮನೆಗಳೇಳುತ್ತಿದ್ದ ರಾಜಾಜಿನಗರದಲ್ಲಿ ಕಾಗೆಗಳೂ ಸಾಲಾಗಿ ಕೂರುತ್ತಿದ್ದವು. ಹೆಣ್ಣುಮಕ್ಕಳ ಸಾಲಿನ ಹಿಂದೆ ನಡೆಯುವಾಗ ಅವರ ಕಣ್ಣೆಲ್ಲ ಜಡೆಗಳ ಮೇಲೆ. ಜಡೆ ಸೊಟ್ಟಗಿದ್ದವಳು ಮೈದಾನ ಎರಡು ಸುತ್ತು ಓಡಬೇಕು. ಕಾಲು ಉಳುಕಲಿ, ಹಲ್ಲು ನೋಯಲಿ, ಅವರದು ಒಂದೇ ಮದ್ದು: “ಬಿಸಿ ಎಳ್ಳೆಣ್ಣೆ ತಿಕ್ಕು, ನಾಳೆ ಬಾ.” ಸಾಫ್ಟ್‌ಬಾಲ್ ತಂಡಕ್ಕೆ ಚೆಂಡೆಸೆಯುತ್ತಿದ್ದ ಜಯದೇವಿ ಭುಜ ಹಿಡಿದುಕೊಂಡು ಬಂದಾಗಲೂ ಅದನ್ನೇ ಹೇಳಿದರು. “ಇದೊಂದು ಮ್ಯಾಚ್ ಎಸೆದುಬಿಡಮ್ಮ, ಆಮೇಲೆ ಬಿಡುವಂತೆ” ಎನ್ನುತ್ತಲೇ ಮೂರು ಮ್ಯಾಚ್ ಆಡಿಸಿದರು. ಫೈನಲ್ಲಿನ ಹಿಂದಿನ ದಿನ ಅವಳ ಜಡೆ ಸೊಟ್ಟಗಿತ್ತು. “ವಾರದಿಂದ ನೋಡ್ತಾ ಇದೀನಿ, ಏನೇ ನಿನ್ನ ಅವತಾರ?” ಎಂದು ಗದರಿ ಓಡಿಸಿದರು. ಎರಡು ಸುತ್ತು ಮುಗಿಸಿ ಬಂದವಳು ಏದುಸಿರಿನಲ್ಲೇ, “ಬಲಗೈ ತಲೆವರೆಗೂ ಏಳಲ್ಲ ಸಾರ್. ತಂಗಿ ಹೆಣೀತಾಳೆ, ಅವಳಿಗಿನ್ನೂ ಸರಿಯಾಗಿ ಬರಲ್ಲ” ಎಂದಳು. ಚೆಂಡನ್ನು ಅಂದೇ ಇನ್ನೊಬ್ಬಳ ಕೈಗೆ ಕೊಟ್ಟರು, ಆದರೆ ಜಯದೇವಿಯ ಭುಜ ಸರಿಹೋಗಲಿಲ್ಲ. ಆಮೇಲೆ ಮೇಷ್ಟ್ರು ಯಾರ ಜಡೆಯನ್ನೂ ನೋಡಲಿಲ್ಲ. ಬೆಳಗಿನ ಡ್ರಿಲ್ಲಿನಲ್ಲಿ “ಕೈ ಮೇಲೆ” ಎಂದು ಕೂಗುತ್ತಿದ್ದರು. ಅವಳ ಬಲಗೈ ಭುಜದ ಮಟ್ಟಕ್ಕೆ ಬಂದು ನಿಂತೊಡನೆ ಸೀಟಿ ಊದಿ, ಇಡೀ ಶಾಲೆಯ ಕೈಗಳನ್ನು ಅಲ್ಲಿಂದಲೇ ಇಳಿಸಿಬಿಡುತ್ತಿದ್ದರು.